ದಂಡ ಕಟ್ಟಿ ಗೆದ್ದ ಬಸ್ಸು

ನಮ್ಮ ಮನೆಯಲ್ಲಿ ಮೂರು ತಿಂಗಳಿಗೊಂದು ದಿನ ಯಾರೂ ನನ್ನ ಕಣ್ಣಿಗೆ ಬೀಳಲು ಇಷ್ಟಪಡುವುದಿಲ್ಲ. ಅದು ಬಸ್ಸಿನ ತೆರಿಗೆ ಕಟ್ಟುವ ದಿನ.

ನಮ್ಮದು ಒಂದೇ ಬಸ್ಸು. ಕಾರ್ಕಳದಿಂದ ಹೊರಟು ಬೆಳ್ಮಣ್, ಶಿರ್ವ, ಕಾಪು, ಉಡುಪಿಯ ಮೂಲಕ ಮಣಿಪಾಲಕ್ಕೆ ಮುಟ್ಟುತ್ತದೆ. ಹಿಂದೆ ಅದನ್ನು ನಮ್ಮ ಯಜಮಾನರೇ ಓಡಿಸುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಸ್ಟಿಯರಿಂಗ್ ಡ್ರೈವರನ ಕೈಗೆ ಹೋಯಿತು, ಉಳಿದದ್ದೆಲ್ಲ ನನ್ನ ತಲೆಗೆ ಬಂತು. ತೆರಿಗೆ ಸೀಟಿನ ಲೆಕ್ಕದಲ್ಲಿ. ಸೀಟಿನಲ್ಲಿ ಜನ ಕೂತರೂ ಅಷ್ಟೇ, ಗಾಳಿ ಕೂತರೂ ಅಷ್ಟೇ. ಕಟ್ಟಿ ಮುಗಿಯುವ ತನಕ ನಾನು ಸರಕಾರವನ್ನು ಬೈಯುತ್ತಲೇ ಇರುತ್ತೇನೆ. ಮಳೆಗಾಲ ಕಳೆದ ಮೇಲಿನ ಕಂತಾದರೆ ಬೈಗುಳಕ್ಕೆ ರಸ್ತೆಯ ಹೊಂಡಗಳೂ ಸೇರುತ್ತವೆ. ನಮ್ಮವರು ಆ ಹೊತ್ತಿಗೆ ಪೇಪರ್ ಎತ್ತಿ ಮುಖಕ್ಕೆ ಹಿಡಿದಿರುತ್ತಾರೆ. ಪೇಪರ್ ತಲೆಕೆಳಗಾಗಿದ್ದದ್ದೂ ಉಂಟು.

ಈ ಬೆಂಕಿಗೆ ತುಪ್ಪ ಹೊಯ್ಯಲು ನನ್ನ ತಮ್ಮನಿದ್ದಾನೆ. ಗಲ್ಫಿನಲ್ಲಿ ಅರ್ಧ ಆಯುಷ್ಯ ದುಡಿದು ಬಂದು ಅಂಬಲಪಾಡಿಯಲ್ಲಿ ಮನೆ ಕಟ್ಟಿ ಕೂತವನು. ನಾವಿಬ್ಬರು ಕೂತು ತುಳುವಿನಲ್ಲಿ ಸರಕಾರವನ್ನು ಬೈಯಲು ತೊಡಗಿದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

“ಅಲ್ಲಿ ಟ್ಯಾಕ್ಸ್ ಅಂತ ಇಲ್ಲವೇ ಇಲ್ಲ ಅಕ್ಕ. ದುಡಿದದ್ದು ಪೂರ್ತಿ ನಮ್ಮ ಕೈಗೆ. ಇಲ್ಲಿ ಎಂತ ಉಂಟು? ದುಡಿಯುವವನ ಕಿಸೆಗೆ ಕೈ ಹಾಕುದು, ಮತ್ತೆ ಇನ್ನೊಬ್ಬನಿಗೆ ಬಿಟ್ಟಿ ಹಂಚುದು.”

ವ್ಯಾಪಾರವನ್ನು ಅದರ ಪಾಡಿಗೆ ಬಿಡಬೇಕು, ಮುಂದೆ ಓಡಿದವನಿಗೆ ಗಿರಾಕಿ, ಸರಕಾರ ದೂರ ನಿಂತು ನೋಡಿದರೆ ಸಾಕು ಎನ್ನುವುದು ಅವನ ಸಿದ್ಧಾಂತ. ನಾನು ಹೌದು ಹೌದು ಎನ್ನುತ್ತಿದ್ದೆ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದು ಆದಾಗಲಂತೂ ವಾರಗಟ್ಟಲೆ ಕುದಿದೆ. ನನ್ನ ತೆರಿಗೆಯಲ್ಲಿ ನನ್ನದೇ ಗಿರಾಕಿಗಳನ್ನು ಬೇರೆ ಬಸ್ಸಿನಲ್ಲಿ ಪುಕ್ಕಟೆ ಒಯ್ಯುವುದೆಂದರೆ ಎಂಥ ನ್ಯಾಯ? ನಮ್ಮ ದಾರಿಯಲ್ಲಿ ಸರಕಾರಿ ಬಸ್ಸು ಕಾಣಸಿಗುವುದೇ ಅಪರೂಪ, ಹಾಗಾಗಿ ನನಗೆ ಆದ ನಷ್ಟ ಏನೂ ಇರಲಿಲ್ಲ. ಆದರೆ ಸಿಟ್ಟಿಗೆ ನಷ್ಟವೇ ಬೇಕೆಂದಿಲ್ಲ.

ನಮ್ಮ ಬಸ್ಸಿಗೆ ಊರವರು ಇಟ್ಟ ಹೆಸರು ಹೂವಿನ ಬಸ್ಸು. ಶಿರ್ವದಿಂದ ಕಾಪುವಿನವರೆಗೆ ದಾರಿಯ ಎರಡೂ ಬದಿ ಮಲ್ಲಿಗೆ ಬೆಳೆಯುವ ಮನೆಗಳು. ಹಿಂದೂಗಳ ಮನೆಯೋ ಕ್ರೈಸ್ತರ ಮನೆಯೋ ಎಂದು ಗಿಡ ನೋಡಿ ಹೇಳಲಾಗುವುದಿಲ್ಲ. ಬೆಳ್ಳಂಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಬಸ್ಸಿಗೆ ಹಾಕಿದರೆ ಉಡುಪಿಯ ಹೂವಿನಂಗಡಿಯವರು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಾರೆ. ತಡವಾದರೆ ಮೊಗ್ಗು ಅರಳುತ್ತದೆ, ಅರಳಿದ ಮಲ್ಲಿಗೆಯನ್ನು ಕೇಳುವವರಿಲ್ಲ. ಹಾಗಾಗಿ ನಮ್ಮ ಬಸ್ಸು ಸ್ಟಾಪ್ ನೋಡಿ ನಿಲ್ಲುತ್ತಿರಲಿಲ್ಲ, ಹೂವು ನೋಡಿ ನಿಲ್ಲುತ್ತಿತ್ತು. ಯಾವುದಾದರೂ ಗೇಟಿನಲ್ಲಿ ಕೊನೆಯ ಗಂಟು ಹಾಕುತ್ತಿರುವ ಹೆಂಗಸು ಕಂಡರೆ ಡ್ರೈವರ್ ಎಂಜಿನ್ ಆರಿಸಿ ಕಾಯುತ್ತಿದ್ದ. ನಮ್ಮವರು ಓಡಿಸುತ್ತಿದ್ದ ಕಾಲದಿಂದ ಬಂದ ಪದ್ಧತಿ ಇದು. ಬಸ್ಸಿನಲ್ಲಿ ಕೂತವರು ಯಾರೂ ಗೊಣಗುತ್ತಿರಲಿಲ್ಲ, ಅವರ ಮನೆಯ ಮದುವೆಗೂ ಹೂವು ಹೀಗೆಯೇ ಬಂದದ್ದಲ್ಲವೇ.

ಎಲ್ಲರಿಗಿಂತ ಹೆಚ್ಚು ಕಾಯಿಸುವವರು ಬಾಯಮ್ಮ. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು, ನನ್ನದೇ ಪ್ರಾಯ. ಬಾಯಮ್ಮ ಎಂದೇ ಇಡೀ ದಾರಿಗೆ ಪರಿಚಯ. ಅವರ ಹೂವು ಒಂದು ದಿನವೂ ಹೊತ್ತಿಗೆ ತಯಾರಾದದ್ದಿಲ್ಲ. ನಮ್ಮ ಹಾರ್ನ್ ಕೇಳಿದ ಮೇಲೆಯೇ ಬೆರಳಿಗೆ ಚುರುಕು ಬರುವುದು. “ಬಂದೆ ಬಂದೆ, ಒಂದೇ ಗಂಟು!” ಎಂದು ಜಗಲಿಯಿಂದ ಕೂಗುತ್ತಿದ್ದರು. ಆ ಒಂದೇ ಗಂಟು ಮುಗಿಯುವುದರೊಳಗೆ ನಮ್ಮ ಕಂಡಕ್ಟರ್ ಇಳಿದು ಅವರ ಬಾವಿಕಟ್ಟೆಯಲ್ಲಿ ನೀರು ಕುಡಿದು, ಬಾಯಿ ಒರೆಸಿಕೊಂಡು ಬಂದಿರುತ್ತಿದ್ದ.

ಒಮ್ಮೆ ನಾನು ಅವರನ್ನು ಕೆಣಕಿದ್ದೆ. ಮದುವೆ ಸೀಸನ್ನಿನಲ್ಲಿ ಜನ ಹೂವಿಗೆ ಮುಗಿಬೀಳುವಾಗ ಬಾಯಿಗೆ ಬಂದ ರೇಟ್ ಹೇಳಬಾರದೇ ಎಂದು.

“ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ದಿನದ ರೇಟ್ ನಾವು ಬೆಳೆಯುವವರೆಲ್ಲ ಸೇರುವ ಹೂವಿನ ಕಟ್ಟೆಯಲ್ಲಿ ಆಗುದು. ಎಷ್ಟೇ ಮದುವೆ ಇರಲಿ, ಇಷ್ಟರಿಂದ ಮೇಲೆ ಹೋಗಬಾರದು ಅಂತ ಒಂದು ಮಿತಿ ಉಂಟು. ನಾವೇ ಮಾಡಿದ್ದು. ಇಲ್ಲದಿದ್ರೆ ಈ ವರ್ಷ ನನಗೆ ಒಳ್ಳೆದಾದೀತು, ಬರುವ ವರ್ಷ ಜನ ಪ್ಲಾಸ್ಟಿಕ್ ಹೂ ಮುಡಿದಾರು.”

ಇದನ್ನು ತಮ್ಮನಿಗೆ ಹೇಳಿದಾಗ ಅವನು, ಅದು ವ್ಯಾಪಾರವಲ್ಲ, ಭಜನೆ ಎಂದು ನಕ್ಕ. ನಾನೂ ನಕ್ಕೆ.

ಆ ನಗು ನಿಂತದ್ದು ದೊಡ್ಡ ಕಂಪೆನಿಯ ಹೊಸ ಬಸ್ಸು ನಮ್ಮ ದಾರಿಗೆ ಇಳಿದಾಗ. ಅವರಿಗೆ ಬಸ್ಸುಗಳ ಸಾಲೇ ಇತ್ತು. ಹೊಸದಕ್ಕೆ ಸಿಕ್ಕಿದ್ದು ಎಕ್ಸ್‌ಪ್ರೆಸ್ ಪರ್ಮಿಟ್, ಅಂದರೆ ಪೇಟೆಯಿಂದ ಪೇಟೆಗೆ, ನಡುವೆ ನಿಲ್ಲುವಂತಿಲ್ಲ. ಕಾರ್ಕಳದಿಂದ ಹೊರಡಬೇಕಾದದ್ದೂ ನಮ್ಮ ನಂತರ. ಆದರೆ ಅದು ದಿನಾ ನಮಗಿಂತ ಮೂರು ನಿಮಿಷ ಮೊದಲು ಸ್ಟ್ಯಾಂಡ್ ಬಿಡಲು ತೊಡಗಿತು. ಬಿಟ್ಟ ಮೇಲೆ ಮೋರಿಗೊಂದು ಸಲ, ಮರಕ್ಕೊಂದು ಸಲ ನಿಂತು, ದಾರಿಯುದ್ದಕ್ಕೂ ನಮ್ಮ ಜನರನ್ನು ಬಾಚಿಕೊಂಡು ಹೋಗುತ್ತಿತ್ತು. ನಮಗೆ ಉಳಿದದ್ದು ಹೂವಿನ ಕಟ್ಟುಗಳು, ಮತ್ತು ಬೇರೆ ಬಸ್ಸು ಹತ್ತಲು ಮನಸ್ಸು ಬಾರದ ನಾಲ್ಕಾರು ಹಳಬರು.

ಕಾರ್ಕಳ ಸ್ಟ್ಯಾಂಡಿನ ಟೈಮ್ ಕೀಪರ್ ಸಿಳ್ಳೆ ಊದಿ ಊದಿ ಸೋತ. ಈ ಟೈಮ್ ಕೀಪರನನ್ನು ಇಟ್ಟವರು ನಾವು ಬಸ್ಸಿನವರೇ. ಸರಕಾರ ದೂರ ನಿಲ್ಲಬೇಕು ಎಂದು ಎದೆ ತಟ್ಟುವ ನಾವೇ, ಒಬ್ಬರು ಇನ್ನೊಬ್ಬರ ಗಿರಾಕಿ ಕದಿಯದ ಹಾಗೆ ಕಾಯಲು ಸಂಬಳ ಕೊಟ್ಟು ಒಬ್ಬನನ್ನು ನಿಲ್ಲಿಸಿಕೊಂಡಿದ್ದೆವು. ಅವನ ಸಂಬಳದ ದೊಡ್ಡ ಪಾಲು ದೊಡ್ಡ ಕಂಪೆನಿಯದು. ಆ ಬಸ್ಸು ಹೊರಡುವಾಗ ಅವನು ಸಿಳ್ಳೆಯನ್ನು ಕಿಸೆಗೆ ಹಾಕಿ ಚಾ ಕುಡಿಯಲು ಹೋಗುವುದನ್ನು ಕಲಿತ.

ಮಳೆ ಹಿಡಿಯುವ ಹೊತ್ತಿಗೆ ಕಂಪೆನಿಯ ಮೆನೇಜರ್ ಮನೆಗೆ ಬಂದ. ಬಹಳ ವಿನಯದ ಮನುಷ್ಯ. ಬಸ್ಸನ್ನೂ ಪರ್ಮಿಟನ್ನೂ ತಾವೇ ಕೊಳ್ಳುತ್ತೇವೆ, ಇನ್ನು ಆರು ತಿಂಗಳು ಹೋದರೆ ಈ ಬೆಲೆ ಸಿಗಲಾರದು ಎಂದ. ನಮ್ಮವರು ಎದ್ದು ಅಂಗಳಕ್ಕೆ ಹೋದರು. ಕಿಟಕಿಯಿಂದ ನೋಡಿದೆ. ಅಂದು ಬಸ್ಸು ರಿಪೇರಿಗೆಂದು ಮನೆಯ ಎದುರೇ ನಿಂತಿತ್ತು. ಅವರು ಡ್ರೈವರ್ ಬಾಗಿಲಿನ ಹತ್ತಿರ ಕೋಲೂರಿ ನಿಂತು, ಕನ್ನಡಿಯನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದರು. ಆ ಪರ್ಮಿಟ್ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು.

ತಮ್ಮನಿಗೆ ಫೋನ್ ಮಾಡಿದೆ. ಅವನು ಸಿದ್ಧಾಂತ ಬಿಡುವವನಲ್ಲ.

“ಮಾರಿಬಿಡು ಅಕ್ಕ. ಅವರು ಮುಂದೆ ಓಡಿದರು, ಜನ ಹತ್ತಿದರು. ಜನರಿಗೆ ಬೇಕಾದ್ದು ಅದೇ ಅಲ್ವಾ?”

“ನಿಲ್ಲುದಿಲ್ಲ ಅಂತ ಹೇಳಿ ಪರ್ಮಿಟ್ ತೆಗೆದದ್ದು ಮಾರಾಯ! ಅದು ಓಟ ಅಲ್ಲ, ಮೋಸ.”

“ವ್ಯಾಪಾರದಲ್ಲಿ ಅದೆಲ್ಲ ಉಂಟು.”

ಫೋನ್ ಇಟ್ಟೆ. ಇಷ್ಟು ವರ್ಷ ಹೌದು ಹೌದು ಎಂದ ಮಾತು ಈಗ ನನ್ನದೇ ಅಂಗಳಕ್ಕೆ ಬಂದು ನಿಂತಿತ್ತು. ಅವರ ಬಸ್ಸು ಓಡುವ ರಸ್ತೆ ಯಾರದು? ಅದರಲ್ಲಿ ನಾನು ಬೈದು ಬೈದು ಕಟ್ಟಿದ ತೆರಿಗೆಯೂ ಇಲ್ಲವೇ? ಅವರು ಕಟ್ಟಿದ್ದೂ ಇದೆ, ಸರಿ. ಇಬ್ಬರೂ ಕಟ್ಟಿದ ಮೇಲೆ ಆ ರಸ್ತೆಯಲ್ಲಿ ಹೇಗೆ ಓಡಬೇಕು ಎನ್ನುವ ಮಾತು ಇಬ್ಬರಿಗೂ ಒಂದೇ ಆಗಬೇಕು. ಅಡುಗೆ ಮನೆಯಲ್ಲಿ ಒಬ್ಬಳೇ ನಿಂತು ಈ ವಾದವನ್ನೆಲ್ಲ ಕುಕ್ಕರಿಗೆ ಹೇಳಿದೆ. ಮರುದಿನವೇ ಸಾರಿಗೆ ಅಧಿಕಾರಿಗಳಿಗೆ ದೂರು ಕೊಟ್ಟೆ. ಜೀವಮಾನವಿಡೀ ಸರಕಾರ ಬೇಡ ಎಂದವಳು ಸರಕಾರದ ಮೆಟ್ಟಿಲು ಹತ್ತಿದ್ದು ಹೀಗೆ.

ಸಾಕ್ಷಿ ಬೇಕು ಎಂದರು. ಸಾಕ್ಷಿಯ ಕೆಲಸವನ್ನು ಕಂಡಕ್ಟರನಿಗೆ ಒಪ್ಪಿಸಿದೆ. ಎರಡೇ ದಿನದಲ್ಲಿ ಅವನು ಮೊಬೈಲ್ ಹಿಡಿದು ಕುಣಿಯುತ್ತಾ ಬಂದ. ವಿಡಿಯೋದಲ್ಲಿ ಎಕ್ಸ್‌ಪ್ರೆಸ್ ಬಸ್ಸು ಕಾಪುವಿನ ದಾರಿಯಲ್ಲಿ ಒಂದು ಮೋರಿಯ ಹತ್ತಿರ ನಿಂತು ಜನರನ್ನು ಹತ್ತಿಸಿಕೊಳ್ಳುವುದು ಹಗಲಿನ ಬೆಳಕಿನಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು, ನಂಬರ್ ಸಮೇತ. ನಾನು ಅದನ್ನು ನಮ್ಮವರಿಗೆ ತೋರಿಸಿದೆ, ತಮ್ಮನಿಗೆ ಕಳಿಸಿದೆ, ನೆರೆಮನೆಯವರಿಗೂ ತೋರಿಸಿದೆ. ಎಲ್ಲರೂ ಎಕ್ಸ್‌ಪ್ರೆಸ್ ಬಸ್ಸನ್ನೇ ನೋಡಿದರು. ನಾನೂ ಅದನ್ನೇ ನೋಡಿದೆ.

ದೂರಿನ ವಿಚಾರಣೆ ಮಣಿಪಾಲದಲ್ಲಿ, ಜಿಲ್ಲೆಯ ಕಚೇರಿಗಳೆಲ್ಲ ಇರುವ ಕಟ್ಟಡದಲ್ಲಿ. ಅಂದು ಬಾಯಮ್ಮ ಮತ್ತು ಇನ್ನೂ ಕೆಲವು ಹೂವಿನ ಹೆಂಗಸರು ಮಧ್ಯಾಹ್ನದ ಕೆಲಸ ಬಿಟ್ಟು ನನ್ನೊಟ್ಟಿಗೆ ಬಂದಿದ್ದರು. ಒಳ್ಳೆಯ ಸೀರೆ ಉಟ್ಟು, ಹಿಂದಿನ ಸಾಲಿನಲ್ಲಿ ಪೂಜೆಗೆ ಕೂತ ಹಾಗೆ ಕೂತರು. ಅಧಿಕಾರಿ ಘಟ್ಟದ ಮೇಲಿನವರು, ನಡುಪ್ರಾಯದವರು, ಮಾತು ಕಡಿಮೆ. ಆಚೆ ಬದಿಯಲ್ಲಿ ಅದೇ ವಿನಯದ ಮೆನೇಜರ್, ಜೊತೆಗೆ ಒಬ್ಬ ವಕೀಲ.

ವಿಡಿಯೋ ಹಾಕಿದರು. ಗೋಡೆಯಷ್ಟು ದೊಡ್ಡದಾಗಿ ಎಕ್ಸ್‌ಪ್ರೆಸ್ ಬಸ್ಸು ನಿಂತಿತು, ಜನ ಹತ್ತಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಆಗ ವಕೀಲರು, ಧ್ವನಿ ಸ್ವಲ್ಪ ಹೆಚ್ಚು ಮಾಡಬಹುದೇ ಎಂದು ಕೇಳಿದರು. ಧ್ವನಿ ಹೆಚ್ಚಾಯಿತು. ನಮ್ಮ ಕಂಡಕ್ಟರನ ಸ್ವರ ಇಡೀ ಕೋಣೆಗೆ ಕೇಳಿಸಿತು:

“ಬಾಯಮ್ಮ, ಬೇಗ ಕಟ್ಟಿ ಮಾರಾಯ್ರೆ, ಗಂಟು ಬಸ್ಸಿನಲ್ಲಿ ಹಾಕುವ!”

ಅದರ ಹಿಂದೆಯೇ ಬಾಯಮ್ಮನ ಸ್ವರ: “ಬಂದೆ ಬಂದೆ, ಒಂದೇ ಗಂಟು!”

ಇಡೀ ಕೋಣೆ ನಕ್ಕಿತು. ಹಿಂದಿನ ಸಾಲಿನಲ್ಲಿ ಬಾಯಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡರು. ವಕೀಲರು ನಿಧಾನಕ್ಕೆ ಎದ್ದು, ಈ ವಿಡಿಯೋ ತೆಗೆದ ಬಸ್ಸು ಎಲ್ಲಿ ನಿಂತಿದೆ ಎನ್ನುವುದನ್ನು ಗಮನಿಸಬೇಕು ಎಂದರು. ಸ್ಟಾಪ್ ಅಲ್ಲದ ಜಾಗ, ಒಂದು ಮನೆಯ ಗೇಟು. ಹೂವಿಗಾಗಿ ಗೇಟುಗೇಟಿನಲ್ಲಿ ಕಾದು ಪ್ರಯಾಣಿಕರ ಸಮಯ ಹಾಳುಮಾಡುವವರು ಬೇರೆಯವರ ಮೇಲೆ ದೂರು ಕೊಟ್ಟಿದ್ದಾರೆ ಎಂದು ಹೇಳಿ ಕೂತರು. ನನ್ನ ಸಾಕ್ಷಿ ನನ್ನನ್ನೇ ಹಿಡಿದುಕೊಟ್ಟಿತ್ತು. ಕಣ್ಣೆದುರು ಪಂಚೆಯಲ್ಲಿ ಕನ್ನಡಿ ಒರೆಸುವ ನಮ್ಮವರು ಬಂದರು.

ಅಧಿಕಾರಿ ನನ್ನನ್ನು ನೋಡಿದರು. “ಏನಮ್ಮ, ನಿಮ್ಮ ಬಸ್ ಅಲ್ಲಿ ನಿಂತಿದ್ದು ಹೌದಾ?”

ಇಲ್ಲ ಎನ್ನಲು ದಾರಿ ಇರಲಿಲ್ಲ. ಇದ್ದರೂ ಬಾಯಿ ಬರುತ್ತಿರಲಿಲ್ಲ. ಎದ್ದು ನಿಂತೆ. ಮೂರು ತಿಂಗಳಿಗೊಮ್ಮೆ ಮನೆಯಲ್ಲಿ ಬರುವ ಸ್ವರವೇ ಬಂತು.

“ಹೌದು ಸಾರ್, ನಿಂತದ್ದು. ನಿನ್ನೆ ನಿಂತಿದೆ, ಮೊನ್ನೆ ನಿಂತಿದೆ, ನಮ್ಮ ಯಜಮಾನರು ಓಡಿಸುವಾಗಲೂ ನಿಂತಿದೆ. ಕಾನೂನಿನಲ್ಲಿ ತಪ್ಪಾದ್ರೆ ನನಗೆ ದಂಡ ಹಾಕಿ, ಈಗಲೇ ಕಟ್ತೇನೆ. ಆದರೆ ಅದೇ ಕಾನೂನಿನಲ್ಲಿ ಅವರಿಗೂ ಹಾಕಿ. ನನ್ನ ತಪ್ಪು ತೋರಿಸಿ ಅವರ ತಪ್ಪನ್ನು ತೊಳೀಲಿಕ್ಕೆ ಆಗುದಿಲ್ಲ.”

ನನಗೆ ನಿಲ್ಲಿಸಲು ಆಗಲಿಲ್ಲ.

“ನಾನು ಸರಕಾರಕ್ಕೆ ಬೈಯುವವಳೇ ಸಾರ್, ಸುಳ್ಳು ಯಾಕೆ. ತೆರಿಗೆ ಕಟ್ಟುವಾಗ ಹೊಟ್ಟೆ ಉರೀತದೆ. ಆದರೂ ಒಂದು ಕಂತು ತಪ್ಪಿಸಿದ್ದಿಲ್ಲ. ಯಾಕೆ ಕಟ್ಟುದು? ದೊಡ್ಡವರು ಬಂದು ನೂಕಿದ ದಿನ ಹೋಗಿ ಕೇಳ್ಲಿಕ್ಕೆ ಒಂದು ಬಾಗಿಲು ಬೇಕು ಅಂತ. ಆ ಬಾಗಿಲು ಇದೇ. ನಿಲ್ಲದೆ ಓಡ್ತೇವೆ ಅಂತ ಹೇಳಿ ಪರ್ಮಿಟ್ ತೆಗೆದವರು ನಿಲ್ಲದೆ ಓಡ್ಲಿ. ನಿಲ್ಲುವ ಬಸ್ಸು ನಂದು, ನನಗೆ ನಿಲ್ಲಿಕ್ಕೆ ಬಿಡಿ. ಆ ಗೇಟು ಸ್ಟಾಪ್ ಅಲ್ಲ ಅಂತಾದ್ರೆ ಅದನ್ನು ಸ್ಟಾಪ್ ಅಂತ ಬರೆದು ಕೊಡಿ. ಅಲ್ಲಿ ಕಾಯುವ ಹೊತ್ತನ್ನೂ ಟೈಮಿನಲ್ಲಿ ಸೇರಿಸಿ. ಹೂವು ಕಟ್ಟುವವರ ದಾರಿಯಲ್ಲಿ ಹೂವಿಗೆ ಸಮಯ ಇಲ್ಲದ ಟೈಮಿಂಗ್ ಯಾರಿಗೆ ಬೇಕು?”

ವಕೀಲರು ಸ್ಪರ್ಧೆ, ಗ್ರಾಹಕರ ಆಯ್ಕೆ ಎಂದೆಲ್ಲ ಹೇಳಿದರು. ಅಧಿಕಾರಿ ಹಿಂದಿನ ಸಾಲಿಗೆ ಕೈ ತೋರಿಸಿ, ಗ್ರಾಹಕರು ಬಂದಿದ್ದಾರಲ್ಲ, ಕೇಳೋಣ ಎಂದರು. ಬಾಯಮ್ಮ ಎದ್ದರು.

“ಆ ಬಸ್ಸು ನಮ್ಮ ಹೂವು ತೆಕ್ಕೊಳ್ಳುದಿಲ್ಲ ಸಾರ್. ಜನ ಮಾತ್ರ. ಒಂದು ದಿನ ಕೇಳಿದೆ, ಎಕ್ಸ್‌ಪ್ರೆಸ್ಸಿನಲ್ಲಿ ಪಾರ್ಸೆಲ್‌ಗೆ ಕಾಯ್ಲಿಕ್ಕೆ ಆಗುದಿಲ್ಲ ಅಂತ ಹೇಳಿದ್ರು. ಅದನ್ನು ಹೇಳ್ಲಿಕ್ಕೂ ಅವರು ಬಸ್ಸು ನಿಲ್ಲಿಸಿಯೇ ಹೇಳಿದ್ದು.”

ಈ ಸಲ ಕೋಣೆ ನಕ್ಕದ್ದು ಆಚೆ ಬದಿಯವರನ್ನು ನೋಡಿ. ಅಧಿಕಾರಿಯೂ ತಲೆ ತಗ್ಗಿಸಿ ನಕ್ಕರು. ಮೆನೇಜರನ ವಿನಯ ಮೊದಲ ಬಾರಿಗೆ ಸ್ವಲ್ಪ ಕಂದಿತು.

ತೀರ್ಮಾನವನ್ನು ಅಂದೇ ಹೇಳಿದರು. ಎಕ್ಸ್‌ಪ್ರೆಸ್ ಬಸ್ಸು ತನ್ನ ಹೊತ್ತಿಗೇ ಹೊರಡಬೇಕು, ಪೇಟೆ ಬಿಟ್ಟರೆ ಬೇರೆಲ್ಲೂ ನಿಲ್ಲಬಾರದು. ತಪ್ಪಿದರೆ ಪರ್ಮಿಟ್ಟಿಗೇ ಸಂಚಕಾರ. ಇದುವರೆಗಿನ ತಪ್ಪಿಗೆ ಅವರಿಗೆ ದಂಡ. ಸ್ಟಾಪ್ ಅಲ್ಲದಲ್ಲಿ ನಿಂತದ್ದಕ್ಕೆ ನನಗೂ ದಂಡ. ಹೂವಿನ ದಾರಿಯಲ್ಲಿ ನಮ್ಮ ಬಸ್ಸಿಗೆ ಕೆಲವು ಹೊಸ ಸ್ಟಾಪ್‌ಗಳು, ಅದರಲ್ಲಿ ಬಾಯಮ್ಮನ ಗೇಟೂ ಒಂದು, ಅಲ್ಲೆಲ್ಲ ಕಾಯುವಷ್ಟು ಹೊತ್ತು ಟೈಮಿಂಗಿನಲ್ಲಿ ಸೇರ್ಪಡೆ.

ನನ್ನ ಆಯುಷ್ಯದಲ್ಲಿ ಸರಕಾರಕ್ಕೆ ಅಷ್ಟು ಸಂತೋಷದಿಂದ ಹಣ ಕೊಟ್ಟದ್ದಿಲ್ಲ. ದಂಡ ಕಟ್ಟಿ, ರಶೀದಿ ಮಡಚದೆ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಹೂವಿನ ಹೆಂಗಸರು ಹಿಂದೆ ಮುಂದೆ ನಡೆಯುತ್ತಿದ್ದರು, ಮದುವೆ ದಿಬ್ಬಣದ ಗಲಾಟೆ. ಎಲ್ಲರೂ ಸೇರಿ ಹತ್ತಿರದ ಹೋಟೆಲಿಗೆ ನುಗ್ಗಿ ಗೋಳಿಬಜೆ ತಿಂದೆವು. ಮನೆಗೆ ಬಂದು, “ದಂಡ ಕಟ್ಟಿ ಗೆದ್ದು ಬಂದೆ” ಎಂದೆ. ನಮ್ಮವರು ರಶೀದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೋಲನ್ನೂ ಮರೆತು, ಟ್ರಿಪ್ ಮುಗಿಸಿ ಬಂದು ನಿಂತಿದ್ದ ಬಸ್ಸಿನ ಹತ್ತಿರ ಹೋದರು.

ಹೊಸ ಟೈಮಿನ ಮೊದಲ ದಿನ ನಾನು ಕಾರ್ಕಳದಿಂದಲೇ ಹತ್ತಿ ಎಂಜಿನ್ ಪಕ್ಕದ ಸೀಟಿನಲ್ಲಿ ಕೂತೆ. ಯಾರೂ ಕರೆಯದಿದ್ದರೂ ತಮ್ಮ ಬಂದಿದ್ದ. ಟೈಮ್ ಕೀಪರ್ ಅಂದು ಚಾ ಬಿಟ್ಟು, ಕೆನ್ನೆ ಉಬ್ಬಿಸಿ ಸಿಳ್ಳೆ ಊದಿದ. ಬೆಳ್ಮಣ್ಣಿಗೆ ಬರುವಾಗ ಸೀಟು ತುಂಬಿ ನಾಲ್ಕೈದು ಜನ ನಿಂತಿದ್ದರು. ತಮ್ಮ ನನ್ನ ಹಿಂದಿನಿಂದ ಬಾಗಿ ಕೇಳಿದ:

“ಹಾಗಾದ್ರೆ ಈಗ ನಿನಗೆ ಸರಕಾರ ಒಳ್ಳೆದಾ ಅಕ್ಕ?”

“ಒಳ್ಳೆದು ಅಂತ ಯಾರು ಹೇಳಿದ್ದು? ಮುಂದಿನ ಕಂತಿಗೆ ಮನೆಗೆ ಬಾ, ಕೇಳು ಬೇಕಾದ್ರೆ. ಆದರೆ ಅದು ನಮ್ಮದು ಮಾರಾಯ. ಎದುರು ನಿಂತು ಬೈದು ಕೆಲಸ ಮಾಡಿಸಬಹುದು. ನಿನ್ನ ಗಲ್ಫಿನಲ್ಲಿ ಟ್ಯಾಕ್ಸ್ ಇರ್ಲಿಲ್ಲ, ಸರಿ. ಅಷ್ಟು ವರ್ಷದಲ್ಲಿ ಒಂದು ದಿನ ಒಬ್ಬ ಆಫೀಸರನ ಎದುರು ನಾನು ಮಾತಾಡಿದ ಹಾಗೆ ಮಾತಾಡಿದ್ದಿಯಾ?”

ಅವನು ಕಿಟಕಿಯ ಹೊರಗೆ ನೋಡಿದ. “ಬಾಯಿ ಬಿಟ್ಟಿದ್ರೆ ಮರುದಿನದ ವಿಮಾನಕ್ಕೆ ಊರಿಗೆ” ಎಂದ. ಅವನ ದನಿಯಲ್ಲಿ ಜಗಳ ಇರಲಿಲ್ಲ. ಕಂಡಕ್ಟರ್ ಬಂದಾಗ, ಮಾಲಕಿಯ ತಮ್ಮನಾದರೂ ಹಣ ಕೊಟ್ಟು ಟಿಕೆಟ್ ಹರಿಸಿಕೊಂಡ.

ಶಿರ್ವ ದಾಟಿದ ಮೇಲೆ ಎಕ್ಸ್‌ಪ್ರೆಸ್ ಬಸ್ಸು ಹಿಂದಿನಿಂದ ಬಂದು, ನಮ್ಮನ್ನು ದಾಟಿ, ಎಲ್ಲೂ ನಿಲ್ಲದೆ ಹೋಯಿತು. ಹೋಗಲಿ, ಅದರ ಕೆಲಸವೇ ಅದು. ಹೊಸ ಸ್ಟಾಪಿನಲ್ಲಿ ನಿಂತಿದ್ದ ಜನ ನಮಗೆ ಕೈ ತೋರಿಸಿದರು.

ಮುಂದಿನದು ಬಾಯಮ್ಮನ ಗೇಟು. ಡ್ರೈವರ್ ಹಾರ್ನ್ ಹಾಕಿ, ಬಸ್ಸು ನಿಲ್ಲಿಸಿ, ಅಭ್ಯಾಸದಂತೆ ಎಂಜಿನ್ ಆರಿಸಿ ಸ್ಟಿಯರಿಂಗಿನ ಮೇಲೆ ಕೈ ಮಡಚಿದ. ಕಂಡಕ್ಟರ್ ಬಾವಿಕಟ್ಟೆಗೆ ಹೊರಟ. ಆದರೆ ಬಾಯಮ್ಮ ಜಗಲಿಯಲ್ಲಿರಲಿಲ್ಲ. ಬಸ್ಸಿನ ಬಾಗಿಲಿನ ಎದುರೇ ನಿಂತಿದ್ದರು. ಹೂವು ಕಟ್ಟಿ, ಎಲೆಯಲ್ಲಿ ಸುತ್ತಿ, ಗಂಟು ಹಾಕಿ ಆಗಿತ್ತು.

“ಎಂತ ಬಾಯಮ್ಮ, ಇವತ್ತು ಒಂದೇ ಗಂಟು ಇಲ್ವಾ?”

“ನಮ್ಮ ಹೂವಿಗೆ ಅಂತ ಸಮಯ ಬರೆದು ಕೊಟ್ಟಿದ್ದಾರೆ ಅಕ್ಕ. ನಾನೇ ಲೇಟ್ ಮಾಡಿದ್ರೆ ಮರ್ಯಾದೆ ಎಂತ ಉಂಟು?” ಎಂದು ಕಟ್ಟನ್ನು ನನ್ನ ಮಡಿಲಿಗೆ ಹಾಕಿದರು. ಎಲೆಯ ಸಂದಿನಿಂದ ಮಲ್ಲಿಗೆಯ ಪರಿಮಳ ಇಡೀ ಬಸ್ಸಿಗೆ ಹಬ್ಬಿತು.

ಡ್ರೈವರ್ ಇನ್ನೂ ಕಾಯುತ್ತಾ ಕೂತಿದ್ದ. ಕಂಡಕ್ಟರ್ ಬಾವಿಯ ದಾರಿಯಲ್ಲಿ ಅರ್ಧಕ್ಕೆ ನಿಂತು, ಏನು ಮಾಡಬೇಕೆಂದು ತಿಳಿಯದೆ ನಮ್ಮನ್ನು ನೋಡುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಬಸ್ಸಿನ ತಗಡಿಗೆ ಕೈಯಿಂದ ಬಡಿದು, ಹೊರಡಲು ಕಂಡಕ್ಟರ್ ಕೂಗುವ ಹಾಗೆ ನಾನೇ ಕೂಗಿದೆ:

“ಇನ್ನು ಯಾರಿಗೆ ಕಾಯುದು ಮಾರಾಯ್ರೆ? ರೈಟ್, ಪೋಯಿ!”